ನಗಿಸುವ ಕಳ್ಳರು: ಹಾಸ್ಯ ಅಪರಾಧ ಕಾದಂಬರಿಯ ಪಾತ್ರ, ಸಂಕೇತ ಮತ್ತು ನೀತಿ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಕಳ್ಳತನ, ವಂಚನೆ, ಕೆಲವೊಮ್ಮೆ ಕೊಲೆಯ ಸುತ್ತ ಹೆಣೆದ ಕಥೆಯನ್ನು ಓದಿ ಹೊಟ್ಟೆ ಹುಣ್ಣಾಗುವಂತೆ ನಕ್ಕವರಿಗೆ ಪುಸ್ತಕ ಮುಚ್ಚಿದ ಮೇಲೆ ಸಣ್ಣದೊಂದು ಕಸಿವಿಸಿ ಉಳಿಯುತ್ತದೆ. ನಾನು ನಕ್ಕಿದ್ದು ಯಾವುದಕ್ಕೆ, ಯಾರನ್ನು ಕಂಡು? ಇಲ್ಲಿನ ಪ್ರಶ್ನೆಗಳು ಬಹುಪಾಲು ಆ ಕಸಿವಿಸಿಯಿಂದಲೇ ಹುಟ್ಟಿದವು. ಉತ್ತರಗಳಲ್ಲಿ ನಾನು ಮತ್ತೆ ಮತ್ತೆ ಶೂದ್ರಕನ ‘ಮೃಚ್ಛಕಟಿಕ’ಕ್ಕೆ ಮರಳಿದ್ದೇನೆ. ಅದು ಸಂಸ್ಕೃತ ನಾಟಕ, ಕಾದಂಬರಿಯಲ್ಲ, ಒಪ್ಪಿದೆ. ಆದರೆ ಕನ್ನ, ಕದ್ದ ಒಡವೆ, ಸುಳ್ಳು ಆರೋಪ, ನ್ಯಾಯಸಭೆ, ವಧಾಸ್ಥಾನ ಇಷ್ಟನ್ನೂ ನಗುವಿನ ಎಳೆಯಲ್ಲಿ ಪೋಣಿಸಿ, ಆ ನಗುವಿಗೆ ಹೊಣೆಯನ್ನೂ ಹೊತ್ತ ಇನ್ನೊಂದು ಹಳೆಯ ಕೃತಿ ನನಗೆ ಸಿಕ್ಕಿಲ್ಲ.

ಹಾಸ್ಯ ಅಪರಾಧ ಕಾದಂಬರಿ ಪತ್ತೇದಾರಿ ಕಾದಂಬರಿಗಿಂತ ಹೇಗೆ ಬೇರೆ?

ಪತ್ತೇದಾರಿ ಕಾದಂಬರಿ ಒಂದು ಒಗಟು. ಯಾರು ಮಾಡಿದರು, ಹೇಗೆ ಮಾಡಿದರು ಎಂಬುದು ಕೊನೆಯವರೆಗೂ ಗುಟ್ಟಾಗಿರುತ್ತದೆ. 1929ರಲ್ಲಿ ಇಂಗ್ಲೆಂಡಿನ ರೊನಾಲ್ಡ್ ನಾಕ್ಸ್ ಇಂಥ ಕಥೆಗಳಿಗೆ ಹತ್ತು ಕಟ್ಟಳೆಗಳನ್ನು ಬರೆದರು. ಅಪರಾಧಿ ಕಥೆಯ ಮೊದಲ ಭಾಗದಲ್ಲೇ ಕಾಣಿಸಿಕೊಂಡಿರಬೇಕು, ಪತ್ತೇದಾರನೇ ಅಪರಾಧಿಯಾಗಬಾರದು, ಅವನಿಗೆ ಸಿಕ್ಕ ಸುಳಿವನ್ನು ಓದುಗರಿಂದ ಬಚ್ಚಿಡಬಾರದು ಎಂಬವು ಅವುಗಳಲ್ಲಿ ಕೆಲವು. ಓದುಗರ ಬುದ್ಧಿಗೆ ಮೋಸವಾಗಬಾರದು ಎಂಬುದೇ ಈ ಕಟ್ಟಳೆಗಳ ಕಾಳಜಿ.

ಹಾಸ್ಯ ಅಪರಾಧ ಕಾದಂಬರಿಯಲ್ಲಿ ಕಳ್ಳ ಯಾರೆಂಬುದು ಸಾಮಾನ್ಯವಾಗಿ ಮೊದಲೇ ಗೊತ್ತಿರುತ್ತದೆ. ಅವನು ಗೋಡೆ ಹಾರುವಾಗ ನಾವೂ ಅವನ ಬೆನ್ನಿಗೇ ಹಾರುತ್ತೇವೆ. ಅವನ ಲೆಕ್ಕ ಎಲ್ಲಿ ತಪ್ಪುತ್ತದೆ, ತಪ್ಪಿದಾಗ ಅವನೊಳಗಿನಿಂದ ಎಂಥ ಮನುಷ್ಯ ಹೊರಬರುತ್ತಾನೆ ಎಂಬುದಷ್ಟೇ ಕುತೂಹಲ. ಇಲ್ಲಿ ಪಣಕ್ಕಿಟ್ಟಿರುವುದು ಓದುಗರ ಮನಸ್ಸಾಕ್ಷಿ.

ಅಪರಾಧವನ್ನು ಕಂಡು ನಗುವುದೇ ತಪ್ಪಲ್ಲವೇ?

ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಬಲು ಹಳೆಯ, ಬಲು ಗಂಭೀರವಾದ ಪ್ರಶ್ನೆಯಿದು. ನೋವನ್ನಾಗಲಿ ಹಾನಿಯನ್ನಾಗಲಿ ಉಂಟುಮಾಡದ ತಪ್ಪು ಅಥವಾ ವಿಕಾರವೇ ನಗೆಗೆ ಕಾರಣವೆಂದು ಅರಿಸ್ಟಾಟಲ್ ಹೇಳಿದ. ಅವನ ಮಾತನ್ನು ಅಕ್ಷರಶಃ ಹಿಡಿದರೆ ಅಪರಾಧ ಹಾಸ್ಯದ ವಸ್ತುವಾಗುವಂತೆಯೇ ಇಲ್ಲ, ಏಕೆಂದರೆ ಪ್ರತಿ ಅಪರಾಧದಲ್ಲೂ ಯಾರಿಗೋ ನೋವಿದೆ. ಫ್ರಾನ್ಸಿನ ಆನ್ರಿ ಬರ್ಗ್‌ಸನ್ 1900ರಲ್ಲಿ ಪ್ರಕಟಿಸಿದ ನಗೆಯ ಮೀಮಾಂಸೆಯಲ್ಲಿ ಇನ್ನೂ ಮುಂದೆ ಹೋಗಿ, ನಗಬೇಕಾದರೆ ಹೃದಯ ಒಂದು ಗಳಿಗೆ ಮರಗಟ್ಟಬೇಕು ಎಂದರು. ಕನಿಕರ ಹುಟ್ಟಿದೊಡನೆ ನಗು ಆರಿಹೋಗುತ್ತದೆ.

ನಮ್ಮ ಮೀಮಾಂಸಕರು ಇದನ್ನು ಬೇರೆ ಕಡೆಯಿಂದ ನೋಡಿದರು. ಒಂದು ರಸ ತಕ್ಕದ್ದಲ್ಲದ ಕಡೆ ಹೊಮ್ಮಿದರೆ ಅದು ರಸಾಭಾಸ, ಮತ್ತು ಯಾವ ರಸದ ಆಭಾಸದಿಂದಲೂ ಹಾಸ್ಯ ಹುಟ್ಟಬಹುದೆಂದು ಅಭಿನವಗುಪ್ತ ವಿವರಿಸುತ್ತಾನೆ. ಈ ಮಾತು ನಮ್ಮ ವಿಷಯಕ್ಕೆ ನೇರವಾಗಿ ಹೊಂದುತ್ತದೆ. ದಂಡನಾಯಕನೊಬ್ಬ ಕೋಟೆಗೆ ಲಗ್ಗೆ ಹಾಕುವ ವ್ಯೂಹ ರಚಿಸಿದರೆ ವೀರ. ಅದೇ ಗಾಂಭೀರ್ಯದಿಂದ ಮೂವರು ಕಳ್ಳರು ನೆರೆಮನೆಯ ತಿಜೋರಿಗೆ ವ್ಯೂಹ ರಚಿಸಿದರೆ ವೀರದ ಆಭಾಸ. ನಮ್ಮ ನಗು ಆ ಗಾಂಭೀರ್ಯಕ್ಕೆ ಸಲ್ಲುತ್ತದೆ, ಒಡವೆ ಕಳೆದುಕೊಂಡವರ ದುಃಖಕ್ಕಲ್ಲ.

ಹಾಗಾದರೆ ತಪ್ಪೋ ಸರಿಯೋ? ಮರಗಟ್ಟಿದ ಹೃದಯಕ್ಕೆ ಕಾದಂಬರಿ ಮತ್ತೆ ಸ್ಪರ್ಶ ತರುತ್ತದೆಯೇ ಎಂಬುದು ನನ್ನ ಅಳತೆಗೋಲು. ನಕ್ಕ ಗಳಿಗೆಯ ಲೆಕ್ಕ ನಮ್ಮ ತಲೆಯ ಮೇಲೆ ಇರುತ್ತದೆ. ಒಳ್ಳೆಯ ಲೇಖಕ ಅದನ್ನು ಕೇಳದೆ ಬಿಡುವುದಿಲ್ಲ.

ಕಳ್ಳನೆಂದು ಗೊತ್ತಿದ್ದರೂ ಅವನೇ ಏಕೆ ಇಷ್ಟವಾಗುತ್ತಾನೆ?

ಅವನಿಗೆ ತನ್ನ ಕಸುಬಿನ ಮೇಲೆ ಪ್ರೀತಿಯಿದೆ, ಅದಕ್ಕೆ. ಮೃಚ್ಛಕಟಿಕದ ಮೂರನೇ ಅಂಕದಲ್ಲಿ ಶರ್ವಿಲಕ ಎಂಬ ಕಳ್ಳ ನಾಟಕದ ನಾಯಕ, ಬಡವನಾದ ಚಾರುದತ್ತನ ಮನೆಗೆ ಕನ್ನ ಹಾಕುತ್ತಾನೆ. ಗೋಡೆಯ ಮುಂದೆ ನಿಂತು ಕಿಂಡಿ ಯಾವ ಆಕಾರದಲ್ಲಿರಬೇಕೆಂದು ಯೋಚಿಸುತ್ತಾನೆ. ಅರಳಿದ ಕಮಲ, ಸೂರ್ಯ, ಬಾಲಚಂದ್ರ, ಸ್ವಸ್ತಿಕ, ಪೂರ್ಣಕುಂಭ ಎಂದು ಶಾಸ್ತ್ರದ ಪಟ್ಟಿಯನ್ನೇ ಒಪ್ಪಿಸಿ, ಇಟ್ಟಿಗೆ ಗೋಡೆಗೆ ಪೂರ್ಣಕುಂಭವೇ ಒಪ್ಪುತ್ತದೆಂದು ತೀರ್ಮಾನಿಸುತ್ತಾನೆ. ಬೆಳಗಾದ ಮೇಲೆ ಊರಿನವರು ನೋಡಿ ಮೆಚ್ಚಬೇಕಲ್ಲ! ಅಳತೆಯ ದಾರ ಮರೆತುಬಂದದ್ದು ಆಗ ನೆನಪಾಗುತ್ತದೆ. ವೇದ ಓದಿದವರ ಮಗ ಅವನು. ಹೆಗಲ ಮೇಲಿನ ಜನಿವಾರವನ್ನೇ ತೆಗೆದು ಅಳೆಯುತ್ತಾನೆ, ಗೋಡೆ ಅಳೆಯಲು, ಅಗುಳಿ ತೆಗೆಯಲು, ಹಾವು ಕಚ್ಚಿದರೆ ಬೆರಳಿಗೆ ಬಿಗಿಯಲು ಇದಕ್ಕಿಂತ ಉಪಯೋಗಿ ಸಾಧನ ಬೇರೊಂದಿಲ್ಲವೆಂದು ಹೊಗಳುತ್ತಾನೆ.

ನಗು ಉಕ್ಕಿಬರುತ್ತದೆ. ಜೊತೆಗೇ ಒಬ್ಬ ಮನುಷ್ಯನ ಪೂರ್ತಿ ಚಿತ್ರ ಕಣ್ಣಿಗೆ ಕಟ್ಟುತ್ತದೆ: ಕಲಿತವನು, ಜಾರಿದವನು, ಜಾರಿದ ಮೇಲೂ ಕಲಿಕೆಯ ಅಚ್ಚುಕಟ್ಟನ್ನು ಬಿಡಲಾರದವನು. ಅವನು ಕದಿಯಲು ಬಂದಿರುವುದು ತಾನು ಪ್ರೀತಿಸುವ ಮದನಿಕೆಯನ್ನು ದಾಸ್ಯದಿಂದ ಬಿಡಿಸಲು ಬೇಕಾದ ಹಣಕ್ಕಾಗಿ. ಕಸುಬಿನ ಹೆಮ್ಮೆ, ಒಂದು ಮೃದುವಾದ ಜಾಗ, ತನ್ನನ್ನು ತಾನೇ ಸಮರ್ಥಿಸಿಕೊಳ್ಳುವ ಮಾತುಗಾರಿಕೆ, ಈ ಮೂರೂ ಸೇರಿದರೆ ಕಳ್ಳನನ್ನು ಓದುಗರು ಬಿಟ್ಟುಕೊಡುವುದಿಲ್ಲ. ಮೂರರಲ್ಲಿ ಮೃದುವಾದ ಜಾಗ ಇಲ್ಲದಿದ್ದರೆ ಉಳಿಯುವುದು ಬರೀ ಚಾಲಾಕಿತನ, ಅದು ಐವತ್ತು ಪುಟಗಳಾಚೆಗೆ ಬೇಸರ ತರಿಸುತ್ತದೆ.

ಇಂಥ ಕಾದಂಬರಿಯ ಪಾತ್ರಗಳು ಬೆಳೆಯುವುದೇ ಇಲ್ಲ, ಒಂದೇ ಗೀರಿನಲ್ಲಿ ಬರೆದಂತಿರುತ್ತವೆ ಎಂಬ ಆಕ್ಷೇಪ ನಿಜವೇ?

ಭಾಗಶಃ ನಿಜ. ಜೀವಂತ ಮನುಷ್ಯ ಯಂತ್ರದಂತೆ ನಡೆದುಕೊಂಡಾಗ ನಗು ಹುಟ್ಟುತ್ತದೆ ಎಂಬುದು ಬರ್ಗ್‌ಸನ್ ಅವರ ಇನ್ನೊಂದು ಮಾತು. ಹಾಸ್ಯಪಾತ್ರಕ್ಕೆ ಒಂದು ಗೀಳು ಬೇಕು: ಎಲ್ಲವನ್ನೂ ಪಟ್ಟಿ ಮಾಡುವವನು, ಸುಳ್ಳು ಹೇಳುವಾಗ ಬೇಡದ ವಿವರ ಸೇರಿಸುವವನು, ಓಡಿಹೋಗುವಾಗಲೂ ಬಾಗಿಲು ಮುಚ್ಚಿ ಹೋಗುವವನು. ಸನ್ನಿವೇಶ ಬದಲಾದರೂ ಗೀಳು ಬದಲಾಗದು, ಅಲ್ಲೇ ನಗು. ಆದರೆ ಒಳ್ಳೆಯ ಕಾದಂಬರಿಯಲ್ಲಿ ಆ ಗೀಳು ಒಂದು ಸಲ ಮುರಿಯುತ್ತದೆ. ಬಾಗಿಲು ಮುಚ್ಚಿಯೇ ಹೋಗುತ್ತಿದ್ದವನು ಒಂದು ರಾತ್ರಿ ಬಾಗಿಲನ್ನು ತೆರೆದಿಟ್ಟೇ ಹೋದರೆ, ಏಕೆ ಹಾಗೆ ಹೋದ ಎಂಬುದನ್ನು ಒಂದು ವಾಕ್ಯವೂ ವಿವರಿಸಬೇಕಾಗಿಲ್ಲ. ಅಲ್ಲಿಯತನಕ ನಗಿಸಿದ್ದೆಲ್ಲ ಆ ಒಂದು ಗಳಿಗೆಗೆ ಕೂಡಿಟ್ಟ ಬಂಡವಾಳವಾಗುತ್ತದೆ.

ಖಳನೂ ನಗಿಸಬಹುದೇ? ಹಾಗಾದರೆ ಅವನ ಕ್ರೌರ್ಯ ಹಗುರವಾಗುವುದಿಲ್ಲವೇ?

ಮೃಚ್ಛಕಟಿಕದ ಶಕಾರನನ್ನು ನೋಡಿ. ರಾಜನ ಭಾವಮೈದುನನೆಂಬ ಒಂದೇ ಬಲದ ಮೇಲೆ ಮೆರೆಯುವ ಮೂರ್ಖ. ಪುರಾಣವನ್ನೆಲ್ಲ ಕಲಸುಮೇಲೋಗರ ಮಾಡಿ, ಹನುಮಂತ ಸುಭದ್ರೆಯನ್ನು ಹೊತ್ತೊಯ್ದಂತೆ ನಿನ್ನನ್ನು ಹೊತ್ತೊಯ್ಯುತ್ತೇನೆ ಎಂದು ನಾಯಕಿ ವಸಂತಸೇನೆಗೆ, ಚಾರುದತ್ತನನ್ನು ಪ್ರೀತಿಸುವ ಗಣಿಕೆಗೆ, ಹೇಳುವವನು. ಮೊದಲ ಅಂಕದಿಂದಲೂ ನಾವು ಅವನನ್ನು ಕಂಡು ನಗುತ್ತೇವೆ. ಎಂಟನೇ ಅಂಕದಲ್ಲಿ ಅದೇ ಶಕಾರ ಅವಳ ಕತ್ತು ಹಿಸುಕುತ್ತಾನೆ.

ಅಲ್ಲಿ ನಗು ಗಂಟಲಲ್ಲೇ ಉಳಿಯುತ್ತದೆ. ಅಷ್ಟು ಹೊತ್ತು ನಾವು ನಿರುಪದ್ರವಿ ಎಂದುಕೊಂಡದ್ದು ಅಧಿಕಾರದ ಬೆಂಬಲವಿರುವ ಮೂರ್ಖತನವನ್ನು. ನಗುವವರಿಗೆ ಅವನು ವಿದೂಷಕ, ಅವನ ಕೈಗೆ ಸಿಕ್ಕವರಿಗೆ ಮೃತ್ಯು. ಕ್ರೌರ್ಯ ಹಗುರವಾಗುವ ಮಾತೆಲ್ಲಿ ಬಂತು? ನಕ್ಕದ್ದರಿಂದಲೇ ಅದು ಇನ್ನಷ್ಟು ಭಾರವಾಗುತ್ತದೆ, ನಮ್ಮ ಎಚ್ಚರಗೇಡಿತನವೂ ಅದರ ಜೊತೆ ತೂಗುತ್ತದೆ. ಖಳನನ್ನು ನಗಿಸಲು ಬಿಟ್ಟ ಲೇಖಕ ಇಂಥದೊಂದು ತಿರುವನ್ನು ಕೊಡದೆ, ಕೊನೆಯವರೆಗೂ ಅವನನ್ನು ಮುದ್ದಾಗಿಯೇ ಉಳಿಸಿದರೆ ನಾನು ಆ ಕಾದಂಬರಿಯನ್ನು ನಂಬುವುದಿಲ್ಲ.

ಪೊಲೀಸರು ಪೆದ್ದರಾಗಿಯೇ ಇರಬೇಕೆ?

ಬೇಕಿಲ್ಲ. ಪೆದ್ದ ಪೊಲೀಸ ಸುಲಭದ ನಗು, ಕಳ್ಳನ ಜಾಣತನವನ್ನೂ ಅಗ್ಗ ಮಾಡುತ್ತಾನೆ. ಮೃಚ್ಛಕಟಿಕದ ಆರನೇ ಅಂಕದಲ್ಲಿ ಇಬ್ಬರು ಕಾವಲುಗಾರರು ಬೀದಿಯಲ್ಲಿ ಜಗಳವಾಡುತ್ತಾರೆ. ಮೇಲ್ನೋಟಕ್ಕೆ ಬರೀ ಹಾಸ್ಯ. ಚಂದನಕ ಬಂಡಿಯೊಳಗೆ ಸೆರೆ ತಪ್ಪಿಸಿಕೊಂಡ ಆರ್ಯಕನನ್ನು ಕಂಡು, ಅಭಯ ಕೊಟ್ಟು, ಜೊತೆಗಾರ ವೀರಕ ಇಣುಕದಿರಲೆಂದೇ ಬೇಕೆಂದು ಜಗಳ ತೆಗೆದಿದ್ದಾನೆ. ಒಬ್ಬನ ಪ್ರಾಣ ಉಳಿಸುವ ದೊಡ್ಡ ನಿರ್ಧಾರವನ್ನು ಲೇಖಕ ಹೀಗೆ ಬೈಗುಳಗಳ ನಡುವೆ ಅಡಗಿಸಿಟ್ಟಿದ್ದಾನೆ.

ಒಂದು ವಸ್ತು ಸಂಕೇತವಾಗಿದೆ ಎಂದು ಗುರುತಿಸುವುದು ಹೇಗೆ?

ಅಪರಾಧ ಕಾದಂಬರಿಯಲ್ಲಿ ಇದು ಬೇರೆಡೆಗಿಂತ ಸುಲಭ, ಏಕೆಂದರೆ ಇಲ್ಲಿ ವಸ್ತುಗಳು ಕೈಯಿಂದ ಕೈಗೆ ಹೋಗುತ್ತವೆ. ವಸ್ತುವಿನ ಬೆನ್ನು ಹತ್ತಿ. ಅದು ಯಾರ ಕೈಗೆ ಬಂದಾಗ ಏನಾಗುತ್ತದೆ ಎಂದು ಬರೆದಿಟ್ಟುಕೊಳ್ಳಿ.

ವಸಂತಸೇನೆ ತನ್ನ ಒಡವೆಗಳನ್ನು ಚಾರುದತ್ತನ ಮನೆಯಲ್ಲಿ ನ್ಯಾಸವಾಗಿ, ಎಂದರೆ ಕಾಪಾಡಲು ಒಪ್ಪಿಸಿದ ಇಡುಗಂಟಾಗಿ, ಇಡುತ್ತಾಳೆ. ಅವು ಅವಳಿಗೆ ಮತ್ತೆ ಬರಲು ಒಂದು ನೆಪ, ಅವನಿಗೆ ಹೊಣೆ. ಕಾವಲಿಗೆ ಕುಳಿತ, ಚಾರುದತ್ತನ ಗೆಳೆಯ ಮೈತ್ರೇಯನಿಗೆ ಅದು ನಿದ್ದೆಗೆಡಿಸುವ ಹೊರೆ, ಎಷ್ಟರಮಟ್ಟಿಗೆ ಎಂದರೆ ನಿದ್ದೆಯಲ್ಲಿ ಬಡಬಡಿಸುತ್ತ ಅದನ್ನು ಕಳ್ಳನ ಕೈಗೇ ಕೊಟ್ಟುಬಿಡುತ್ತಾನೆ. ಶರ್ವಿಲಕನಿಗೆ ಅದು ಮದನಿಕೆಯ ಬಿಡುಗಡೆ. ವಸಂತಸೇನೆಯ ದಾಸಿಯೇ ಆದ ಮದನಿಕೆಗೆ ಅದು ಗುರುತು ಸಿಕ್ಕ ಅಪರಾಧ. ಚಿನ್ನ ಒಂದೇ, ಹಿಡಿದ ಕೈಗೆ ತಕ್ಕಂತೆ ಅದರ ಅರ್ಥ ಬೇರೆ.

ಈಗ ಇದರ ಪಕ್ಕದಲ್ಲಿ ಶೀರ್ಷಿಕೆಯಲ್ಲೇ ಇರುವ ಮಣ್ಣಿನ ಬಂಡಿಯನ್ನಿಡಿ. ಚಾರುದತ್ತನ ಪುಟ್ಟ ಮಗ ರೋಹಸೇನ ಚಿನ್ನದ ಬಂಡಿ ಬೇಕೆಂದು ಅಳುತ್ತಾನೆ. ವಸಂತಸೇನೆಯನ್ನು ನಿನ್ನ ತಾಯಿ ಎಂದು ದಾಸಿ ತೋರಿಸಿದರೆ, ತಾಯಿಯಾದರೆ ಮೈಮೇಲೆ ಒಡವೆ ಏಕಿದೆ ಎಂದು ಕೇಳುತ್ತಾನೆ. ಅವಳು ಅಳುತ್ತ ಮೈಮೇಲಿನ ಒಡವೆ ಬಿಚ್ಚಿ ಮಣ್ಣಿನ ಬಂಡಿಯ ತುಂಬ ತುಂಬುತ್ತಾಳೆ. ಮುಂದೆ ನ್ಯಾಯಸಭೆಯಲ್ಲಿ ಆ ಒಡವೆಗಳೇ ಮೈತ್ರೇಯನ ಬಳಿಯಿಂದ ಕೆಳಗೆ ಬಿದ್ದು, ಚಾರುದತ್ತ ಹಣಕ್ಕಾಗಿ ಅವಳನ್ನು ಕೊಂದನೆಂದು ಶಕಾರ ಹೊರಿಸಿದ ಆರೋಪಕ್ಕೆ ಸಾಕ್ಷಿಯಾಗುತ್ತವೆ. ವಾತ್ಸಲ್ಯದಿಂದ ಕೊಟ್ಟದ್ದು ಕೊಲೆಯ ಪುರಾವೆಯಾಯಿತು! ಸಂಕೇತದ ಕೆಲಸ ಇಷ್ಟು ಸಹಜವಾಗಿ ನಡೆದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಒಂದೇ ಒಂದು ಕಡೆಯೂ ಲೇಖಕ ಬೆರಳು ಮಾಡಿ ತೋರಿಸುವುದಿಲ್ಲ.

ಆಧುನಿಕ ಕಾದಂಬರಿಗಳೂ ಇದೇ ದಾರಿ ಹಿಡಿದಿವೆ. ಡ್ಯಾಶಿಯಲ್ ಹ್ಯಾಮೆಟ್ ಅವರ 1930ರ ‘ದ ಮಾಲ್ಟೀಸ್ ಫಾಲ್ಕನ್’ ಹಾಸ್ಯ ಕಾದಂಬರಿಯಲ್ಲ, ಆದರೂ ಅದರ ಹೃದಯದಲ್ಲಿ ಕಠೋರವಾದ ಒಂದು ನಗೆಯಿದೆ. ಹಲವರ ಪ್ರಾಣ ತೆಗೆದ ರತ್ನಖಚಿತ ಗಿಡುಗದ ಪ್ರತಿಮೆಯನ್ನು ಕೊನೆಗೆ ಕೆರೆದು ನೋಡಿದರೆ ಸೀಸದ ನಕಲು. ಡೊನಾಲ್ಡ್ ವೆಸ್ಟ್‌ಲೇಕ್ 1970ರ ‘ದ ಹಾಟ್ ರಾಕ್’ನಲ್ಲಿ ಒಂದೇ ಪಚ್ಚೆಯನ್ನು ಮತ್ತೆ ಮತ್ತೆ ಕದಿಯಬೇಕಾದ ಗುಂಪಿನ ಕಥೆ ಹೇಳಿದರು. ತಮ್ಮ ಕಠಿಣ ಸ್ವಭಾವದ ಪಾರ್ಕರ್ ಎಂಬ ಕಳ್ಳನಿಗಾಗಿ ಅವರು ಅದನ್ನು ಶುರುಮಾಡಿದ್ದರು. ಕಥೆ ತಾನಾಗಿ ನಗೆಯ ಕಡೆ ವಾಲಿದ್ದರಿಂದ ಡಾರ್ಟ್‌ಮಂಡರ್ ಎಂಬ ಹೊಸ ನಾಯಕ ಹುಟ್ಟಿದ. ಇದರಲ್ಲಿ ಒಂದು ಪಾಠವಿದೆ. ಗುರಿ ಪ್ರತಿಸಲವೂ ಕೈಗೆ ಸಿಕ್ಕು ಜಾರುತ್ತಿದ್ದರೆ ಕ್ರೂರ ನಾಯಕ ಅಪಹಾಸ್ಯಕ್ಕೆ ಈಡಾಗುತ್ತಾನೆ, ಸೋಲನ್ನು ನಿಟ್ಟುಸಿರಿನಿಂದ ಹೊರುವವನು ನಮ್ಮವನಾಗುತ್ತಾನೆ.

ಹಾಗಾದರೆ ಕಥೆಯಲ್ಲಿ ಬರುವ ಪ್ರತಿಯೊಂದು ವಸ್ತುವೂ ಸಂಕೇತವೇ?

ಅಲ್ಲ. ಒಮ್ಮೆ ಬಂದು ಹೋಗುವ ಛತ್ರಿ ಬರೀ ಛತ್ರಿ. ಎರಡನೇ ಸಲ ಬೇರೊಬ್ಬರ ಕೈಯಲ್ಲಿ ಕಂಡರೆ ಗಮನಿಸಿ, ಮೂರನೇ ಸಲಕ್ಕೆ ಅರ್ಥ ಹುಡುಕಿ.

ಹಾಸ್ಯ ಕಾದಂಬರಿಯಲ್ಲಿ ಕೊಲೆ ಬರಬಹುದೇ?

ಬರಬಹುದು, ಆದರೆ ಅದಕ್ಕೆ ಲೇಖಕ ಬೆಲೆ ತೆರಬೇಕು. ಹೆಣವನ್ನು ಅಲ್ಲಿಂದಿಲ್ಲಿಗೆ ಸಾಗಿಸುವ, ಕಪಾಟಿನಲ್ಲಿ ತುರುಕುವ, ಅತಿಥಿಗಳು ಬಂದಾಗ ಸೋಫಾದ ಮೇಲೆ ಮಲಗಿದಂತೆ ಹೊದಿಸುವ ದೃಶ್ಯಗಳು ಈ ಪ್ರಕಾರದಲ್ಲಿ ಹಳಸುವಷ್ಟು ಬಂದಿವೆ. ಅಲ್ಲಿ ನಮಗೆ ನೋವಾಗದಿರಲು ಕಾರಣ, ಸತ್ತವನು ಬದುಕಿದ್ದಾಗ ನಮಗೆ ಪರಿಚಯವೇ ಆಗಿರಲಿಲ್ಲ. ಅವನನ್ನು ವಸ್ತುವಾಗಿಯೇ ತಂದು ನಿಲ್ಲಿಸಲಾಗಿದೆ. ನಾನು ಇದನ್ನು ಪೂರ್ತಿ ತಪ್ಪೆನ್ನುವುದಿಲ್ಲ. ಆದರೆ ಪುಸ್ತಕದಲ್ಲಿ ಎಲ್ಲಾದರೂ ಒಂದು ಕಡೆ, ಅವನ ಕನ್ನಡಕಕ್ಕಾಗಿ ಮನೆಯವರು ಹುಡುಕುವುದೋ, ಅವನಿಗೆಂದು ಬಂದ ಕಾಗದ ತೆರೆಯದೆ ಉಳಿಯುವುದೋ ಕಾಣಬೇಕು. ಒಂದು ಸಾಲು ಸಾಕು. ಆ ಸಾಲು ಇಲ್ಲದ ಕಾದಂಬರಿಯಲ್ಲಿ ಏನೋ ಕಳವಾಗಿದೆ ಅನ್ನಿಸುತ್ತದೆ ನನಗೆ.

ಕಳ್ಳ ಕೊನೆಗೆ ಸಿಕ್ಕಿಬೀಳಲೇಬೇಕೆ?

ಅಮೆರಿಕದ ಸಿನಿಮಾ ಉದ್ಯಮ ಹಾಗೆಂದು ಬಹುಕಾಲ ನಂಬಿತ್ತು. 1930ರಲ್ಲಿ ಬರೆದು 1934ರಿಂದ ಬಿಗಿಯಾಗಿ ಜಾರಿಗೆ ತಂದ ನಿರ್ಮಾಣ ಸಂಹಿತೆಯಂತೆ ಪ್ರೇಕ್ಷಕರ ಸಹಾನುಭೂತಿ ಅಪರಾಧದ ಕಡೆ ವಾಲುವಂತಿರಲಿಲ್ಲ. ತೆರೆಯ ಮೇಲಿನ ಕಳ್ಳನಿಗೆ ಶಿಕ್ಷೆ ಕಾದೇ ಇರುತ್ತಿತ್ತು. 1968ರವರೆಗೆ ಆ ಸಂಹಿತೆ ಉಳಿದಿತ್ತು. ಕಥೆಯ ಒಳಗಿನಿಂದ ಹುಟ್ಟದೆ ಹೊರಗಿನಿಂದ ಹೇರಿದ ಶಿಕ್ಷೆ ಯಾರಿಗೂ ಏನನ್ನೂ ಕಲಿಸುವುದಿಲ್ಲವೆಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಪ್ರೇಕ್ಷಕ ಕೊನೆಯ ಐದು ನಿಮಿಷವನ್ನು ಸುಂಕದಂತೆ ಕಟ್ಟಿ ಹೊರಬರುತ್ತಾನೆ, ಅಷ್ಟೆ.

ಶರ್ವಿಲಕನ ವಿಷಯದಲ್ಲಿ ಏನಾಯಿತು ನೋಡಿ. ಕದ್ದ ಒಡವೆಗಳನ್ನು ಮದನಿಕೆಯ ಮುಂದೆ ಇಡುತ್ತಾನೆ. ಅವು ತನ್ನ ಒಡತಿಯವೇ ಎಂದು ಗುರುತಿಸಿದ ಅವಳು, ಚಾರುದತ್ತನೇ ಕಳುಹಿಸಿದನೆಂದು ಹೇಳಿ ಇವನ್ನು ಹಿಂದಿರುಗಿಸು ಎನ್ನುತ್ತಾಳೆ. ಮರೆಯಲ್ಲಿದ್ದು ಎಲ್ಲವನ್ನೂ ಕೇಳಿಸಿಕೊಂಡ ವಸಂತಸೇನೆ ಒಡವೆ ಪಡೆದು ಮದನಿಕೆಯನ್ನು ಅವನಿಗೆ ಒಪ್ಪಿಸಿಬಿಡುತ್ತಾಳೆ. ಕದ್ದು ಪಡೆಯಲು ಹೊರಟದ್ದು ಹಿಂದಿರುಗಿಸಿದಾಗ ದಕ್ಕಿತು. ಶಿಕ್ಷೆಯಿಲ್ಲ, ಉಪದೇಶವಿಲ್ಲ, ಆದರೂ ಆ ಮನುಷ್ಯ ಮೊದಲಿನಂತೆ ಉಳಿದಿಲ್ಲ.

ಶಕಾರನ ಕೊನೆಯೂ ಅಷ್ಟೇ ಅಚ್ಚರಿಯದು. ವಸಂತಸೇನೆ ಬದುಕಿದ್ದಾಳೆಂದು ತಿಳಿದು, ಜನ ಶಕಾರನನ್ನು ಕೊಲ್ಲಲು ಮುಗಿಬಿದ್ದಾಗ, ಅವನ ಸುಳ್ಳಿನಿಂದ ವಧಾಸ್ಥಾನದವರೆಗೂ ನಡೆದುಬಂದ ಚಾರುದತ್ತನೇ ಅವನನ್ನು ಬಿಡಿಸುತ್ತಾನೆ. ಈ ಕ್ಷಮೆ ಅತಿಯಾಯಿತೆಂದು ವಾದಿಸುವವರಿದ್ದಾರೆ. ನನಗೂ ಓದಿದಾಗಲೆಲ್ಲ ಮನಸ್ಸು ಎರಡಾಗುತ್ತದೆ. ಅವಳ ಕತ್ತಿನ ಮೇಲೆ ಬಿದ್ದ ಕೈಗೆ ಅವನು ಕ್ಷಮೆ ಕೊಡಬಹುದೇ?

ಕಳ್ಳನೇ ತನ್ನ ಕಥೆ ಹೇಳಿದರೆ ಅವನನ್ನು ಎಷ್ಟು ನಂಬಬೇಕು?

ವಿವರಗಳನ್ನು ನಂಬಿ, ಸಮರ್ಥನೆಗಳನ್ನು ತೂಗಿ ನೋಡಿ. 1554ರಲ್ಲಿ ಸ್ಪೇನಿನಲ್ಲಿ ಹೆಸರಿಲ್ಲದೆ ಪ್ರಕಟವಾದ ‘ಲಾಸರಿಲ್ಲೊ ದೆ ತೋರ್ಮೆಸ್’ ಈ ಬಗೆಯ ಕಥನಕ್ಕೆ ಬುನಾದಿ. ಕುರುಡ ಭಿಕ್ಷುಕನಿಗೆ ದಾರಿ ತೋರಿಸುವ ಹುಡುಗ ಲಾಸರೊ ತನ್ನ ಕಥೆ ಹೇಳುತ್ತಾನೆ. ಇಬ್ಬರೂ ಒಂದು ದ್ರಾಕ್ಷಿ ಗೊಂಚಲನ್ನು ಸರದಿಯಂತೆ ಒಂದೊಂದೇ ಹಣ್ಣು ಕಿತ್ತು ತಿನ್ನಬೇಕೆಂದು ಒಪ್ಪಂದ. ಸ್ವಲ್ಪ ಹೊತ್ತಿಗೆ ಕುರುಡ ಎರಡೆರಡು ತಿನ್ನತೊಡಗುತ್ತಾನೆ. ಹುಡುಗ ಮೂರು ಮೂರಕ್ಕೆ ಇಳಿಯುತ್ತಾನೆ. ಗೊಂಚಲು ಮುಗಿದ ಮೇಲೆ, ನೀನು ಮೂರು ಮೂರು ತಿಂದೆ ಎನ್ನುತ್ತಾನೆ ಕುರುಡ. ಹೇಗೆ ಗೊತ್ತಾಯಿತೆಂದರೆ, ನಾನು ಎರಡೆರಡು ತಿನ್ನುವಾಗ ನೀನು ಸುಮ್ಮನಿದ್ದೆಯಲ್ಲ.

ಈ ಪುಟ್ಟ ಪ್ರಸಂಗದಲ್ಲಿ ಇಡೀ ಪ್ರಕಾರದ ನೀತಿಪ್ರಜ್ಞೆ ಅಡಗಿದೆ. ಮೌನವೇ ಸಾಕ್ಷಿ. ಇನ್ನೊಬ್ಬರ ತಪ್ಪನ್ನು ಕಂಡೂ ಸುಮ್ಮನಿರುವವನಿಗೆ ಅದರಲ್ಲಿ ಏನೋ ಲಾಭವಿದೆ. ದೊಡ್ಡವನಾದ ಲಾಸರೊ ಕಾದಂಬರಿಯ ಕೊನೆಯಲ್ಲಿ ತನ್ನ ಹೆಂಡತಿಯ ಬಗೆಗಿನ ಗುಸುಗುಸು ಕೇಳಿಯೂ ಸುಮ್ಮನಿದ್ದು ಸುಖವಾಗಿದ್ದೇನೆ ಎನ್ನುವಾಗ, ಈ ದ್ರಾಕ್ಷಿ ನೆನಪಾಗದಿದ್ದರೆ ಅವನ ಮಾತನ್ನು ಪೂರ್ತಿ ಕೇಳಿಸಿಕೊಂಡಂತಾಗುವುದಿಲ್ಲ. ಧರ್ಮಾಧಿಕಾರಿಗಳನ್ನು ಬಯಲಿಗೆಳೆದ ಈ ಪುಸ್ತಕವನ್ನು 1559ರಲ್ಲಿ ಸ್ಪೇನಿನ ಧರ್ಮವಿಚಾರಣಾ ಮಂಡಳಿ ನಿಷೇಧಿಸಿತು. ನಗುವಿಗೆ ಅಷ್ಟು ಹೆದರಿದರು.

ಇಂಥ ಕಥೆಗಳಲ್ಲಿ ನೀತಿಯ ಮಾತನ್ನು ಯಾರ ಬಾಯಲ್ಲಿ ಹುಡುಕಬೇಕು?

ಕೆಳಗಿರುವವರ ಬಾಯಲ್ಲಿ. ವಸಂತಸೇನೆಯನ್ನು ಕೊಲ್ಲು ಎಂದು ಶಕಾರ ತನ್ನ ಗುಲಾಮ ಸ್ಥಾವರಕನಿಗೆ ಆಜ್ಞೆ ಮಾಡುತ್ತಾನೆ. ಒಡೆಯನ ಅಧಿಕಾರ ನನ್ನ ಶರೀರದ ಮೇಲೆ, ನನ್ನ ನಡತೆಯ ಮೇಲಲ್ಲ ಎಂಬರ್ಥದ ಉತ್ತರ ಕೊಟ್ಟು ಅವನು ಏಟು ತಿನ್ನುತ್ತಾನೆ. ಇಡೀ ನಾಟಕದಲ್ಲಿ ಇದಕ್ಕಿಂತ ಎತ್ತರದ ಮಾತಿಲ್ಲ. ಮದನಿಕೆಯ ಸಲಹೆಯೂ ಹೀಗೆಯೇ. ಬಿಡುಗಡೆಗಾಗಿ ಎಲ್ಲರಿಗಿಂತ ಹೆಚ್ಚು ಹಾತೊರೆಯಬೇಕಾದವಳೇ ಒಡವೆ ಹಿಂದಿರುಗಿಸು ಎಂದದ್ದು.

ಈ ವಿಷಯದ ಮೇಲೆ ಪ್ರಬಂಧ ಬರೆಯಬೇಕು. ಎಲ್ಲಿಂದ ಆರಂಭಿಸಲಿ?

ನಗು ನಿಂತ ಜಾಗದಿಂದ. ಓದುವಾಗ ನಗುತ್ತಿದ್ದವರು ಎಲ್ಲಿ ಥಟ್ಟನೆ ನಿಂತಿರೋ ಆ ಪುಟಕ್ಕೆ ಗುರುತು ಹಾಕಿ. ಅದರ ಹಿಂದಿನ ಹತ್ತು ಪುಟಗಳಲ್ಲಿ ಲೇಖಕ ನಿಮ್ಮನ್ನು ಅಲ್ಲಿಗೆ ಹೇಗೆ ಕರೆತಂದರೆಂದು ಬಿಡಿಸಿ ಬರೆಯಿರಿ. ಪಾತ್ರ ಒಂದು ಅಧ್ಯಾಯ, ಸಂಕೇತ ಒಂದು ಅಧ್ಯಾಯ, ನೀತಿ ಒಂದು ಅಧ್ಯಾಯ ಎಂದು ಗೋಡೆ ಕಟ್ಟಬೇಡಿ. ಶರ್ವಿಲಕನ ಜನಿವಾರ ಇವುಗಳಲ್ಲಿ ಯಾವ ಅಧ್ಯಾಯಕ್ಕೆ ಸೇರುತ್ತದೆ ಹೇಳಿ!

ಕಥೆ ಗೊತ್ತಾದ ಮೇಲೆ ಎರಡನೇ ಸಲ ಓದಲು ಏನು ಉಳಿಯುತ್ತದೆ?

ಮೊದಲ ಓದಿನಲ್ಲಿ ಕಣ್ಣು ಕಳ್ಳನ ಮೇಲೆ, ಎರಡನೆಯದರಲ್ಲಿ ಮನೆಯವರ ಮೇಲೆ. ಬೆಳಗ್ಗೆ ಎದ್ದ ಚಾರುದತ್ತ ಗೋಡೆಯ ಕನ್ನವನ್ನು ನೋಡಿ, ಎಷ್ಟು ಸೊಗಸಾಗಿ ಕೊರೆದಿದ್ದಾನೆಂದು ಮೆಚ್ಚುತ್ತಾನೆ. ಬಡವನಾದ ತನ್ನ ಮನೆಯಿಂದ ಕಳ್ಳ ಬರಿಗೈಯಲ್ಲಿ ಹೋಗಲಿಲ್ಲವಲ್ಲ ಎಂದು ಸಂತೋಷಪಡುತ್ತಾನೆ. ಹೋದದ್ದು ಇನ್ನೊಬ್ಬರ ನ್ಯಾಸವೆಂಬುದು ಆಮೇಲೆ ಹೊಳೆದು ಕುಸಿಯುತ್ತಾನೆ. ಮೊದಲ ಸಲ ಓದಿದಾಗ ನಾನು ಇಲ್ಲಿ ಚೆನ್ನಾಗಿ ನಕ್ಕಿದ್ದೆ. ಎರಡನೇ ಸಲ ಕಂಡದ್ದು ಒಳಮನೆಯಲ್ಲಿದ್ದ ಅವನ ಹೆಂಡತಿ ಧೂತೆ. ತವರಿನಿಂದ ಬಂದ, ಕೊನೆಯದಾಗಿ ಉಳಿದಿದ್ದ ರತ್ನಹಾರವನ್ನು ತೆಗೆದು, ಗಂಡನಿಗೆ ತಾನೇ ಕೊಟ್ಟರೆ ಅವನು ತೆಗೆದುಕೊಳ್ಳಲಾರನೆಂದು, ವ್ರತದ ದಾನವೆಂಬ ನೆಪ ಮಾಡಿ ಅದನ್ನು ಮೈತ್ರೇಯನ ಕೈಗೆ ಹಾಕುತ್ತಿದ್ದಳು.